ಗೇರುಗಿಡದ ಬುಡಕ್ಕೆ ಬಿದ್ದ ಗ್ರಹಣ

ಫಕೀರವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ವಾಸ್ಕೋ ಬಂದರಿನ ಸಡಾ ಗುಡ್ಡದ ಮೇಲೆ ಕೂಲಿಗೆ ಬಂದು ನೆಲೆಸಿದ್ದ ಕನ್ನಡದ ಜನರೆಲ್ಲ ಅವಳನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಊರ ಕಡೆ ಸಾಲಿ ಕಲಿಸುವ ಹೆಂಗಸಿಗೆ ಹಾಗೆ ಅನ್ನುವುದು ರೂಢಿ. ಮೊದಮೊದಲು ಚೇಷ್ಟೆಗೆ ಕರೆದರು, ಬರಬರುತ್ತ ಅಭ್ಯಾಸವಾಯಿತು, ಮಕ್ಕಳ ಬಾಯಿಗೆ ಬಿದ್ದ ಮೇಲೆ ಅದೇ ಅವಳ ಹೆಸರಾಯಿತು.

ಹದಿನೈದು ವರ್ಷ ಬಂದರಿನಲ್ಲಿ ಅದಿರಿನ ಬುಟ್ಟಿ ಹೊತ್ತವಳು ಅವಳು. ಗಂಡ ಅಲ್ಲಿಯೇ ಸತ್ತ. ಮಕ್ಕಳಾಗಲಿಲ್ಲ. ಮೊಣಕಾಲು ಇನ್ನು ಏಣಿ ಹತ್ತುವುದಿಲ್ಲ ಅಂದಾಗ, ಜೋಪಡಿಯ ಮುಂದಿದ್ದ ಗೇರುಗಿಡದ ಪಕ್ಕ ನಾಲ್ಕು ತಗಡು ನಿಲ್ಲಿಸಿ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತ ಕುಳಿತುಬಿಟ್ಟಳು. ಬೆಳಿಗ್ಗೆ ಮಗುವಿನ ಜೊತೆ ಒಂದು ಹಿಡಿ ಜೋಳದ ಹಿಟ್ಟೋ ಅಕ್ಕಿಯೋ ಬರುತ್ತಿತ್ತು. ಅದರಲ್ಲೇ ಮಕ್ಕಳಿಗೆ ಗಂಜಿ, ಅವಳಿಗೆ ರೊಟ್ಟಿ.

ಹದಿನಾರು ಹದಿನೇಳು ಮಕ್ಕಳನ್ನು ದಿನವಿಡೀ ಸುಮ್ಮನೆ ಕೂಡಿಸುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಅವಳು ಕಲಿಸಲು ಶುರು ಮಾಡಿದ್ದು. ಪಾಟಿ ಬಳಪ ಇಲ್ಲ. ಇದ್ದದ್ದು ಒಂದು ಕರಿ ಆಡು, ಮೂರು ಕೋಳಿ, ಕೆಂಪು ನೆಲ, ಕೆಳಗೆ ಸಮುದ್ರ, ಮೇಲೆ ಸೂರ್ಯ. ಕಟ್ಟಳೆ ಒಂದೇ: ಮೊದಲು ಕಣ್ಣಾರೆ ನೋಡಬೇಕು, ಆಮೇಲೆ ನೋಡಿದ್ದಷ್ಟನ್ನೇ ಹೇಳಬೇಕು.

"ಅಕ್ಕೋರ, ಆಡು ಕಚ್ಚತೈತಿ!" ಅಂತ ಒಬ್ಬ ಹುಡುಗ ಓಡಿ ಬಂದ ದಿನ, ಫಕೀರವ್ವ ಆಡಿನ ಮೂತಿ ಹಿಡಿದು ಬಾಯಿ ತೆಗೆಸಿದಳು.

"ಬೆರಳ ಇಡು. ಮ್ಯಾಲಿನ ಸಾಲಿನಾಗ ಮುಂದಿನ ಹಲ್ಲು ಎಷ್ಟ ಅದಾವ ಹೇಳು."

ಹುಡುಗ ಹಿಂದೆ ಸರಿದ. ಐದು ವರ್ಷದ ಗೌರವ್ವ ಮುಂದೆ ಬಂದು, ಕಣ್ಣು ಮುಚ್ಚಿಕೊಂಡು ಬೆರಳಿಟ್ಟಳು. ಆಮೇಲೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು.

"ಒಂದೂ ಇಲ್ಲ ಅಕ್ಕೋರ! ನಮ್ಮ ಆಯಿ ಬಾಯಿ ಇದ್ದಂಗ ಐತಿ!"

ಹಾದಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಅವಳ ಆಯಿ, ಅಪ್ಪನ ತಾಯಿ ಕಾಶಮ್ಮ, ಅಲ್ಲಿಂದಲೇ ಕೂಗಿದಳು. "ನಿನ್ನ ಅಕ್ಕೋರಿಗೆ ಎಷ್ಟ ಅದಾವ ಅದನ್ನೂ ಎಣಿಸವಾ!" ಮಕ್ಕಳು ಬಿದ್ದು ಬಿದ್ದು ನಕ್ಕವು. ಫಕೀರವ್ವನೂ ಬಾಯಿ ಬಿಟ್ಟು ತೋರಿಸಿ ನಕ್ಕಳು. ಆಗಿನ್ನೂ ಕಾಶಮ್ಮನಿಗೂ ಅವಳಿಗೂ ಒಳ್ಳೆಯ ಬಳಕೆ ಇತ್ತು.

ಭೂಮಿ ತಿರುಗುವುದನ್ನು ಫಕೀರವ್ವ ಕಲಿತದ್ದು ಮೈಬೂಬಸಾಬನಿಂದ. ಅವನು ಬಂದರಿನಲ್ಲಿ ಹಡಗು ನಿಲ್ಲುವ ಧಕ್ಕೆಯ ವಾಚ್‌ಮನ್. ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ದಿನಾ ಬೆಳಿಗ್ಗೆ ಒಂದು ಪುಸ್ತಕ ನೋಡಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಸಮುದ್ರ ಬರುವ ಹೊತ್ತನ್ನು ಮೊದಲೇ ಬರೆದಿಡುವವರು ಯಾರಿದ್ದಾರೆ ಎಂದು ಫಕೀರವ್ವ ಮೊದಲು ನಂಬಲಿಲ್ಲ. ಒಂದು ತಿಂಗಳು ಹಲಗೆಯನ್ನು ಅವನಿಂದ ಓದಿಸಿಕೊಂಡು, ಧಕ್ಕೆಯ ಮೆಟ್ಟಿಲ ಮೇಲೆ ಇದ್ದಿಲಿನಿಂದ ಗುರುತು ಹಾಕಿ ನೋಡಿದಳು. ಹಲಗೆ ಹೇಳಿದ ಹೊತ್ತಿಗೆ ನೀರು ಬಂತು, ಹೇಳಿದ ಹೊತ್ತಿಗೆ ಹೋಯಿತು. ಹೇಳಿದ ಹಾಗೆ ನಡೆದರೆ ಹೇಳಿದವರಿಗೆ ವಿಷಯ ಗೊತ್ತಿದೆ ಎಂದೇ ಅರ್ಥ. ಆಮೇಲೆಯೇ ಅವಳು ಕೇಳಿದ್ದು, ಅವನು ಕಂದೀಲು, ತೆಂಗಿನಕಾಯಿ, ಲಿಂಬೆಹಣ್ಣು ಇಟ್ಟುಕೊಂಡು ಸೂರ್ಯ, ಭೂಮಿ, ಚಂದ್ರರ ಓಡಾಟ ತೋರಿಸಿದ್ದು.

ಅದನ್ನೇ ಅವಳು ಮಕ್ಕಳಿಗೆ ಆಟ ಮಾಡಿದಳು. ಒಂದು ಮಗು ಹೊಳೆಯುವ ತಾಟು ಹಿಡಿದು ನಡುವೆ ನಿಲ್ಲುವುದು, ಉಳಿದವು ನಿಂತಲ್ಲೇ ಗಿರಗಿರ ತಿರುಗುವುದು.

"ಬೆನ್ನ ತಿರುಗಿತು. ಸೂರ್ಯ ಎಲ್ಲಿಗೆ ಹೋದ?"

"ಎಲ್ಲಿಗೂ ಹೋಗಿಲ್ಲಾ! ನಾವ ತಿರುಗೇವೀ!"

ಆ ಕೂಗು ಗುಡ್ಡದ ಕೆಳಗಿನ ತನಕ ಕೇಳಿಸುತ್ತಿತ್ತು. ಎಲ್ಲರಿಗಿಂತ ದೊಡ್ಡ ದನಿ ಗೌರವ್ವನದು.

ಗೌರವ್ವನ ತಾಯಿ ಸಾವಂತ್ರೆವ್ವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಆಗ ಏಳು ತಿಂಗಳು ತುಂಬಿತ್ತು. ಗೌರವ್ವನ ನಂತರದ್ದೊಂದು ಹೊಟ್ಟೆಯಲ್ಲೇ ಹೋಗಿತ್ತು. ಅಂದಿನಿಂದ ಅತ್ತೆ ಕಾಶಮ್ಮ ನಾಲ್ಕು ಜನರ ಮುಂದೆಯೇ ಹೇಳಿಬಿಟ್ಟಿದ್ದಳು. "ಇದೂ ಹಂಗಾತಂದ್ರ ತವರಿಗೆ ಅಟ್ಟತೇನಿ. ಹುಡುಗಿ ನಮ್ಮಲ್ಲೇ ಇರತಾಳ. ನನ್ನ ತಮ್ಮನ ಮಗಳು ತಯಾರ ಅದಾಳ." ಗಂಡ ಯಮನೂರಪ್ಪ ಬಂದರಿನ ಕೂಲಿ, ದೇಹ ದೊಡ್ಡದು, ಮಾತು ಕಡಿಮೆ. ತಾಯಿ ಹಾಗಂದಾಗ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಸಾವಂತ್ರೆವ್ವ ಅಂಥ ಹೊಟ್ಟೆ ಹೊತ್ತುಕೊಂಡೇ ಕಟ್ಟಡದ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. "ಸಾಕ ಮಾಡವಾ ಇನ್ನ, ಕಣ್ಣೊಳಗ ರಗತ ಇಲ್ಲ ನಿನಗ" ಎಂದು ಫಕೀರವ್ವ ಎರಡು ಸಲ ಹೇಳಿದ್ದಳು. "ಮನ್ಯಾಗ ಕೇಳ್ರಿ ಯಕ್ಕಾ" ಎಂದು ಅವಳು ನಕ್ಕು ಹೋಗಿದ್ದಳು.

ಎಂಬತ್ತನೇ ಇಸವಿಯ ಶಿವರಾತ್ರಿ ಮುಗಿದಿತ್ತಷ್ಟೇ, ಗ್ರಹಣದ ಸುದ್ದಿ ಬಂತು. ಅಮಾವಾಸ್ಯೆ, ಅದೂ ಶನಿವಾರ, ಹಾಡುಹಗಲು ಕತ್ತಲಾಗುತ್ತದಂತೆ. ಗುಡ್ಡದ ಮೇಲೆ ಗಾಬರಿಯೋ ಗಾಬರಿ. ನೀರಿನ ಕೊಡಕ್ಕೆ ಗರಿಕೆ ಹಾಕಿದರು, ಒಲೆ ಆರಿಸಿದರು. ಬಸುರಿಯರನ್ನಂತೂ ಕೇಳುವುದೇ ಬೇಡ. ಕೊಯ್ಯಬಾರದು, ಹೊಲಿಯಬಾರದು, ನೀರು ಸಹ ಕುಡಿಯಬಾರದು, ಕಂಡಿ ಕಿಂಡಿ ಎಲ್ಲ ಮುಚ್ಚಿದ ಕತ್ತಲೆಯಲ್ಲಿ ಕೈಕಾಲು ಮಡಚದೆ ನೆಟ್ಟಗೆ ಮಲಗಬೇಕು. ಇಲ್ಲದಿದ್ದರೆ ಗ್ರಹಣ ಬಡಿದು ಕೂಸಿಗೆ ಊನವಾಗುತ್ತದೆ, ಇಲ್ಲವೇ ಕೂಸೇ ಹೋಗುತ್ತದೆ. ಹಾಗೆಂದು ಅವರ ತಾಯಂದಿರು ಹೇಳಿದ್ದರು, ಅವರಿಗೆ ಅವರ ತಾಯಂದಿರು.

ಮೈಬೂಬಸಾಬ ಹೊತ್ತು ಹೇಳಿದ್ದ. ಎರಡೂವರೆಯ ಸುಮಾರಿಗೆ ಹಿಡಿಯುತ್ತದೆ, ಐದರ ಸುಮಾರಿಗೆ ಬಿಡುತ್ತದೆ. "ಮ್ಯಾಲೆ ಮಾತ್ರ ನೋಡಬ್ಯಾಡ್ರಿ ಬಹೇನ್, ಕಣ್ಣು ಸುಟ್ಟ ಹೋಗತಾವ. ಗಿಡದ ಬುಡಕ್ಕ ಬಿಸಲು ಬೀಳತದಲ್ಲ, ಎಲಿ ಸಂದಿನಾಗ, ಅದನ್ನ ನೋಡ್ರಿ. ಅದರಾಗ ಎಲ್ಲಾ ಕಾಣತದ" ಎಂದು ಎಚ್ಚರಿಸಿದ್ದ.

ಅಂದು ಬಂದ ಮಕ್ಕಳು ಐದೇ. ಬಂದರಿನ ಕೆಲಸ ಗ್ರಹಣಕ್ಕೂ ನಿಲ್ಲುವುದಿಲ್ಲ, ಅಂಥವರ ಮಕ್ಕಳು ನಾಲ್ಕು. ಐದನೆಯವಳು ಗೌರವ್ವ. ಅವಳನ್ನು ಯಾರೂ ಕಳಿಸಿರಲಿಲ್ಲ, ತಾನೇ ತಪ್ಪಿಸಿಕೊಂಡು ಬಂದಿದ್ದಳು. ಫಕೀರವ್ವ ಬೆಳಿಗ್ಗೆಯೇ ಗಿಡದ ಬುಡ ಗುಡಿಸಿ ನೀರು ಚಿಮುಕಿಸಿದ್ದಳು. ಗೇರೆಲೆಗಳ ಸಂದಿಯಿಂದ ಬಿಸಿಲು ಕೆಂಪು ನೆಲದ ಮೇಲೆ ಬಿಲ್ಲೆಬಿಲ್ಲೆಯಾಗಿ ಬಿದ್ದಿತ್ತು.

ಎರಡೂವರೆ ದಾಟಿತು. ಆ ಬಿಲ್ಲೆಗಳನ್ನು ಯಾರೋ ಒಂದು ಬದಿಯಿಂದ ಕಚ್ಚಿದ ಹಾಗಾಯಿತು.

"ಅಕ್ಕೋರ, ರೊಟ್ಟಿ ಕಡದಂಗ ಆಗಾಕತ್ತೈತಿ!"

"ಎಲ್ಲಾನೂ ಒಂದ ಕಡಿಂದನ ಕಡದಾವಲ್ಲ, ನೋಡ್ರಿ. ಯಾರ ಕಡದಾರ?"

ಗೌರವ್ವ ಲಿಂಬೆಹಣ್ಣು ಎತ್ತಿ ಹಿಡಿದಳು. "ಚಂದ್ರ. ಅಡ್ಡ ಬಂದಾನ."

ಅಷ್ಟರಲ್ಲಿ ಎದುರಿನ ಕಾಶಮ್ಮನ ಮನೆಯ ತಟ್ಟಿ ಸರಿದ ಸದ್ದಾಯಿತು. ಫಕೀರವ್ವ ತಿರುಗಿ ನೋಡಿದರೆ ಸಾವಂತ್ರೆವ್ವ. ಮೈಯೆಲ್ಲ ಬೆವರಿ ಸೀರೆ ಅಂಟಿತ್ತು, ತುಟಿ ಬಿಳಿಚಿತ್ತು. ಕಾಶಮ್ಮ ಹೊರಗಿನಿಂದ ಚಿಲಕ ಹಾಕಿಕೊಂಡು ಗ್ರಹಣದ ಸ್ನಾನಕ್ಕೆ ಸಮುದ್ರಕ್ಕೆ ಇಳಿದಿದ್ದಳು. ತಗಡಿನ ಮನೆ, ಕಿಂಡಿಗೆಲ್ಲ ಗೋಣಿಚೀಲ ತುರುಕಿದ್ದರು, ಫೆಬ್ರುವರಿಯ ಮಧ್ಯಾಹ್ನ. ಉಸಿರು ಕಟ್ಟಿ ಹಿಂದಿನ ಬಿದಿರುತಟ್ಟಿ ಸರಿಸಿಕೊಂಡು ಬಂದುಬಿಟ್ಟಿದ್ದಳು.

"ಒಳಗ ನಡಿಯವಾ, ನಿಮ್ಮತ್ತಿ ನೋಡಿದ್ರ..." ಅಂದಳು ಫಕೀರವ್ವ.

"ಒಳಗಿದ್ರ ಸಾಯತೇನಿ ಯಕ್ಕಾ."

ಅವಳು ನಿಂತಲ್ಲೇ ವಾಲುತ್ತಿದ್ದಳು. ಫಕೀರವ್ವ ಅವಳನ್ನು ಗಿಡಕ್ಕೆ ಒರಗಿಸಿ ಕೂಡಿಸಿದಳು, ಕೊಡದಿಂದ ಒಂದು ತಂಬಿಗೆ ನೀರು ಕೊಟ್ಟಳು. ಸಾವಂತ್ರೆವ್ವ ಒಂದೇ ಉಸಿರಿಗೆ ಕುಡಿದು, ಕಣ್ಣು ಮುಚ್ಚಿ, ಆಮೇಲೆ ತೆರೆದಳು.

ಆ ಹೊತ್ತಿಗೆ ಬೆಳಕು ಬದಲಾಗಿತ್ತು. ಸಂಜೆಯದಲ್ಲ, ಮೋಡದ್ದೂ ಅಲ್ಲ, ಹಳೆಯ ತಾಮ್ರದ ಬಣ್ಣ. ಬಿಲ್ಲೆಗಳೆಲ್ಲ ಸಣ್ಣಗಾಗಿ, ಬಾಗಿ, ನೂರಾರು ಕುಡಗೋಲುಗಳಾಗಿ ನೆಲದ ಮೇಲೆ ಹರಡಿದ್ದವು. ಗೌರವ್ವನ ಲಂಗದ ಮೇಲೆ, ಆಡಿನ ಬೆನ್ನ ಮೇಲೆ, ಸಾವಂತ್ರೆವ್ವನ ಹೊಟ್ಟೆಯ ಮೇಲೆ. ಕೋಳಿಗಳು ಒಂದರ ಹಿಂದೊಂದು ಗೂಡಿಗೆ ನಡೆದವು. ಕಾಗೆಗಳು ಗುಂಪಾಗಿ ಗಿಡಕ್ಕೆ ಮರಳಿದವು. ಗಬ್ಬದ ಆಡು ಮಾತ್ರ ನಿಂತಲ್ಲೇ ನಿಂತು ಮೆಲುಕು ಹಾಕುತ್ತಿತ್ತು.

"ಅವ್ವಾ, ಅಂಜಬ್ಯಾಡ" ಅಂದಳು ಗೌರವ್ವ, ದೊಡ್ಡವಳ ಹಾಗೆ. "ಬರೇ ನೆಳ್ಳು. ಈಗ ಸರೀತೈತಿ. ಕೋಳಿಗೆ ಗೊತ್ತಿಲ್ಲ, ಅದಕ್ಕ ಮಲಗಾಕ ಹೋದ್ವು."

ಸಾವಂತ್ರೆವ್ವ ಹೊಟ್ಟೆಯ ಮೇಲಿನ ಬೆಳಕಿನ ಕುಡಗೋಲೊಂದನ್ನು ಬೆರಳಿನಿಂದ ಮುಟ್ಟಿದಳು. ಅದು ಬೆರಳ ಮೇಲೆ ಹತ್ತಿತು. ಅವಳು ನಕ್ಕಳು. ಅಷ್ಟು ಚಂದ ನಗುವ ಹೆಣ್ಣೆಂದು ಫಕೀರವ್ವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಕೋಳಿ ಕೂಗಿತು, ಬೆಳಕು ತಿರುಗಿ ಬಂತು. ಕಾಶಮ್ಮ ಗುಡ್ಡ ಹತ್ತುವ ಮೊದಲೇ ಸಾವಂತ್ರೆವ್ವ ತಟ್ಟಿ ಸರಿಸಿ ಒಳಗೆ ಹೋಗಿ ನೆಟ್ಟಗೆ ಮಲಗಿದ್ದಳು.

ಮೂರು ವಾರಕ್ಕೆ ಅವಳಿಗೆ ಕಟ್ಟಡದ ಮೇಲೆಯೇ ನೋವು ಬಂತು. ಮನೆಯಲ್ಲಿ ಒಂದು ಹಗಲು ಕಾದರು. ಮರುದಿನ ವಾಸ್ಕೋದ ದವಾಖಾನೆಗೆ ಒಯ್ದರು. ಕೂಸು ಹೆಣವಾಗಿ ಹುಟ್ಟಿತು. ಗಂಡು. ಕೈಕಾಲು, ಬೆರಳು, ಉಗುರು ಎಲ್ಲ ಸರಿಯಾಗಿದ್ದವು. ಮೈಯಲ್ಲಿ ರಕ್ತವೇ ಇಲ್ಲ, ಇಂಥವಳ ಕೈಯಲ್ಲಿ ಭಾರ ಹೊರಿಸಿದಿರಾ ಎಂದು ನರ್ಸ್ ಕೊಂಕಣಿಯಲ್ಲಿ ಬೈದಳು. ಕಾಶಮ್ಮನಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು. ಕೇಳದವಳ ಹಾಗೆ ನಿಂತಿದ್ದಳು.

ಫಕೀರವ್ವ ನೋಡಲು ಹೋದಾಗ ಸಾವಂತ್ರೆವ್ವ ಗೋಡೆಯ ಕಡೆ ಮುಖ ಮಾಡಿದ್ದಳು.

"ಯಕ್ಕಾ, ನಾನ ಹೊರಗ ಬಂದೆ. ನಾನ ಕೊಂದೆ ಹೌದಲ್ಲ?"

"ಹುಚ್ಚಿ. ನೆಳ್ಳು ಯಾರನ್ನೂ ಕೊಲ್ಲಂಗಿಲ್ಲ."

"ನೀರೂ ಕುಡದೆ" ಎಂದಳು ಸಾವಂತ್ರೆವ್ವ, ಗೋಡೆಗೇ.

ಸಾವಂತ್ರೆವ್ವ ದವಾಖಾನೆಯಿಂದ ಮನೆಗೆ ಬಂದ ಐದನೆಯ ದಿನ ಕಾಶಮ್ಮ ಬಾಗಿಲಲ್ಲಿ ಕುಳಿತು ಎದೆ ಬಡಿದುಕೊಂಡು ಅಳುತ್ತಿದ್ದಳು. "ಏನ ಕಮ್ಮಿ ಮಾಡಿದ್ನೆವಾ ನಾನು? ಗರಿಕಿ ಹಾಕಿದೆ, ಕಿಂಡಿ ಮುಚ್ಚಿದೆ, ಚಿಲಕ ಹಾಕಿದೆ, ಒಂದ ಎಳಿ ಬೆಳಕ ಬೀಳದಂಗ ಮಲಗಿಸಿದ್ದೆ..."

ಅವಳ ತೊಡೆಗೆ ಆತು ಕುಳಿತಿದ್ದ ಗೌರವ್ವ ತಲೆ ಎತ್ತಿದಳು. "ಇಲ್ಲ ಆಯಿ. ಅವ್ವ ಮಲಗಿರಲಿಲ್ಲ. ನಮ್ಮ ಕೂಡ ಗಿಡದ ಬುಡಕ ಇದ್ದಳು. ಹೊಟ್ಟಿ ಮ್ಯಾಲೆ ಸಣ್ಣ ಸಣ್ಣ ಕುಡಗೋಲು ಬಿದ್ದಿದ್ವು. ನಾ ಕಣ್ಣಿಲೆ ನೋಡೇನಿ."

ಕಾಶಮ್ಮನ ಅಳು ಅಲ್ಲಿಗೇ ನಿಂತಿತು.

ಸಂಜೆ ಹೊತ್ತಿಗೆ ಓಣಿಯ ಹಿರಿಯರು ನಾಲ್ಕು ಜನ ಸೇರಿದರು. ಫಕೀರವ್ವ ಕುಂಟುತ್ತ ಹೋದಾಗ ಸಾವಂತ್ರೆವ್ವನ ಸೀರೆಗಂಟು ಬಾಗಿಲ ಹೊರಗಿತ್ತು. ಅವಳು ಅದರ ಪಕ್ಕದಲ್ಲಿ ಕುಳಿತಿದ್ದಳು, ಎದೆಹಾಲು ಇಳಿದು ಕುಪ್ಪಸ ಒದ್ದೆಯಾಗಿತ್ತು. ಗೌರವ್ವನನ್ನು ಕಾಶಮ್ಮ ರಟ್ಟೆ ಹಿಡಿದು ಒಳಗೆ ನಿಲ್ಲಿಸಿಕೊಂಡಿದ್ದಳು. ಅಂಗಳದ ಸುತ್ತ ಸಾಲಿಯ ಮಕ್ಕಳು ಇಣುಕುತ್ತಿದ್ದವು.

"ನಾಳೆ ಮುಂಜಾನಿ ಬಸ್ಸಿಗೆ ಹತ್ತಿಸೋದು" ಅಂದಳು ಕಾಶಮ್ಮ. "ಚಿಲಕ ಹಾಕಿದ್ರ ತಟ್ಟಿ ಕಿತ್ತು ಹೊರಗ ಹೋದ ಹೆಂಗಸು. ಬೇಕಂತ ನನ್ನ ಮೊಮ್ಮಗನ್ನ ಗ್ರಹಣಕ್ಕ ಕೊಟ್ಟ ಬಂದಾಳ."

ಫಕೀರವ್ವ ಮೊದಲು ಹೇಳಿದ್ದು ಖರೇ ಮಾತನ್ನೇ.

"ನನ್ನ ಆಡೂ ಗಬ್ಬ ಇತ್ತು ಕಾಶಮ್ಮ. ಅದೂ ಆ ದಿನ ಅದ ಗಿಡದ ಬುಡಕ ನಿಂತಿತ್ತು. ಮೊನ್ನಿ ಎರಡ ಮರಿ ಹಾಕೈತಿ, ಜಿಗದಾಡಾಕತ್ತಾವ, ಹೋಗಿ ನೋಡ್ರಿ ಬೇಕಾದ್ರ. ಅದಕ್ಕೇನು ಗ್ರಹಣ ರಜಾ ಕೊಟ್ಟಿತ್ತಾ?"

ಹಿರಿಯರಲ್ಲಿ ಒಬ್ಬ ಮೀಸೆಯಲ್ಲಿ ನಕ್ಕ. ಕಾಶಮ್ಮ ನಗಲಿಲ್ಲ. "ಆಡಿಗೆ ಕುಲ ಐತಿ? ದೇವರೈತಿ? ನನ್ನ ಸೊಸಿನ್ನ ಆಡಿಗೆ ಹೋಲಸಾಕ ಬಂದಿ?"

"ಹಂಗಾದ್ರ ದವಾಖಾನ್ಯಾಗ ನರ್ಸಬಾಯಿ ಏನ ಅಂದಳು ಹೇಳ್ರಿ. ರಗತ ಇಲ್ಲ ಅಂದಳು. ಎಂಟ ತಿಂಗಳ ಬಸರಿನ್ನ ಸಿಮೆಂಟ ಹೊರಾಕ ಕಳಿಸಿದವ್ರು ಯಾರು?"

ಯಮನೂರಪ್ಪ ತಲೆ ತಗ್ಗಿಸಿದ. ಕಾಶಮ್ಮನ ಮುಖ ಕಪ್ಪಿಟ್ಟಿತು. ಆಮೇಲೆ ಅವಳು ನಿಧಾನಕ್ಕೆ, ಮೊದಲಿಗಿಂತ ತಣ್ಣಗೆ ಹೇಳಿದಳು. "ನಾಳೆ ಬ್ಯಾಡ. ಈಗ ಹೋಗಲಿ ಆಕಿ. ಈಗಿಂದೀಗ."

ಫಕೀರವ್ವನಿಗೆ ತಪ್ಪು ಹೊಳೆಯಿತು. ಹದಿನೈದು ವರ್ಷ ಬುಟ್ಟಿ ಹೊತ್ತವಳಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು. ತುಂಬಿದ ಬುಟ್ಟಿ ಗಾಳಿಯಲ್ಲಿ ನಿಲ್ಲುವುದಿಲ್ಲ. ಒಬ್ಬಳ ತಲೆಯಿಂದ ಇಳಿಸಬೇಕಾದರೆ ಇನ್ನೊಬ್ಬಳು ತಲೆ ಕೊಡಲೇಬೇಕು. ಕಾಶಮ್ಮ ಅದನ್ನು ಹೊರುವವಳಲ್ಲ, ಹೊರಿಸಲು ಹೋದಷ್ಟೂ ಅವಳು ಸೊಸೆಯ ತಲೆಯ ಮೇಲೆಯೇ ಒಗೆಯುತ್ತಾಳೆ. ಸೀರೆಗಂಟಿನ ಪಕ್ಕ ಕುಳಿತವಳ ಕುತ್ತಿಗೆ ಇನ್ನೊಂದು ಬುಟ್ಟಿ ತಡೆಯುವ ಹಾಗಿರಲಿಲ್ಲ.

"ನಾ ಕರದಿದ್ದೆ" ಅಂದಳು ಫಕೀರವ್ವ.

ಎಲ್ಲರೂ ಅವಳನ್ನು ನೋಡಿದರು.

"ಆಕಿ ಮಲಗಿದ್ದಳು. ನಾನ ತಟ್ಟಿ ಹಂತ್ಯಾಕ ಹೋಗಿ ಒದರಿದೆ. ಗೌರಿ ಬಿದ್ದಾಳ, ತಲಿ ಒಡದೈತಿ, ಓಡಿ ಬಾ ಅಂದೆ. ಹೆತ್ತ ಕರಳು, ಓಡಿ ಬಂತು. ಆಕಿದೇನೂ ತಪ್ಪಿಲ್ಲ."

"ಯಾಕ? ಯಾಕ ಹಂಗ ಮಾಡಿದಿ?" ಕಾಶಮ್ಮನ ದನಿ ಒಡೆಯಿತು.

"ಸೊಕ್ಕು. ಅಕ್ಕೋರು ಅಕ್ಕೋರು ಅಂತ ಕರದ್ರಲ್ಲ, ಎಲ್ಲಾ ಗೊತ್ತೈತಿ ಅಂತ ಸೊಕ್ಕು ಬಂದಿತ್ತು."

ಸಾವಂತ್ರೆವ್ವ ತಲೆ ಎತ್ತಿದಳು, ಬಾಯಿ ತೆರೆದಳು. ಫಕೀರವ್ವ ಅವಳತ್ತ ಒಂದು ನೋಟ ಬೀರಿದಳು, ಬಂದರಿನಲ್ಲಿ ಬುಟ್ಟಿ ದಾಟಿಸುವಾಗ 'ಬಿಡು, ನಾ ಹಿಡದೇನಿ' ಎನ್ನುವ ನೋಟ. ಸಾವಂತ್ರೆವ್ವ ಬಾಯಿ ಮುಚ್ಚಿದಳು.

ಆದರೆ ಒಳಗಿನಿಂದ ಒಂದು ದನಿ ಬಂತು.

"ಅಕ್ಕೋರು ಸುಳ್ಳ ಹೇಳತಾರ! ನಾ ಬಿದ್ದಿಲ್ಲ. ಅವ್ವ ತಾನ ಬಂದಳು. ಸೆಕಿ ಆತು ಅಂತ ಬಂದಳು. ನಾ ಕಣ್ಣಿಲೆ ನೋಡೇನಿ!"

ಆಯಿಯ ಕೈ ಕೊಸರಿಕೊಂಡು ಗೌರವ್ವ ಹೊಸ್ತಿಲಿಗೆ ಬಂದು ನಿಂತಿದ್ದಳು. ಹಿರಿಯರು ಹುಡುಗಿಯ ಕಡೆ, ಫಕೀರವ್ವನ ಕಡೆ ನೋಡಿದರು. ಮಗು ಸುಳ್ಳು ಹೇಳುವುದಿಲ್ಲ ಎಂಬುದು ಎಲ್ಲರ ಮುಖದ ಮೇಲಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಬುಟ್ಟಿ ಮತ್ತೆ ಅವಳ ತಾಯಿಯ ತಲೆಗೇ.

"ಸಣ್ಣ ಹುಡುಗಿ" ಅಂದಳು ಫಕೀರವ್ವ. "ಅದಕ್ಕೇನ ತಿಳೀತೈತಿ? ಕನಸಿಗೂ ಖರೇಕ್ಕೂ ಫರಕ್ ಗೊತ್ತಿಲ್ಲ. ತಪ್ಪ ನೋಡೈತಿ ಹುಡುಗಿ."

"ಇಲ್ಲ ಅಕ್ಕೋರ, ನೀವ ಹೇಳಿದ್ರಿ, ನೋಡಿದ್ದ ಹೇಳು ಅಂತ..."

"ಬಾಯಿ ಮುಚ್ಚು!"

ಆ ಮಗುವಿಗೆ ಅವಳು ಎಂದೂ ಹಾಗೆ ಗದರಿರಲಿಲ್ಲ. ಗೌರವ್ವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅಳಲಿಲ್ಲ. ಸುಮ್ಮನೆ ನೋಡಿದಳು, ಕಲಿಸಿದ ಹಾಗೆ, ಕಣ್ಣು ತೆರೆದು.

ಕಾಶಮ್ಮ ಎದ್ದು ಬಂದಳು. "ಹಂಗಾದ್ರ ಒಪ್ಪಕೋ. ಗ್ರಹಣ ಬಡದ ಕೂಸ ಹೋತು ಅಂತ ನಿನ್ನ ಬಾಯಿಲೆ ಹೇಳು. ಈ ಹುಡುಗ್ರ ಮುಂದನ ಹೇಳು, ಅವಕ್ಕ ಏನೇನ ತಲಿಗೆ ತುಂಬಿದಿಯಲ್ಲ."

ಬೇಲಿಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಮುಖಗಳು. ನಾವ ತಿರುಗೇವೀ ಎಂದು ಕೂಗುತ್ತಿದ್ದ ಬಾಯಿಗಳು. ಫಕೀರವ್ವ ಅವರನ್ನೇ ನೋಡುತ್ತ ಹೇಳಿದಳು.

"ಹೌದು. ಗ್ರಹಣ ಬಡದೈತಿ. ನಾ ಹೇಳಿದ್ದೆಲ್ಲಾ ಸುಳ್ಳು."

ಕಾಶಮ್ಮ ತಾನೇ ಸೀರೆಗಂಟು ಎತ್ತಿ ಒಳಗಿಟ್ಟಳು.

ಮರುದಿನ ಬೆಳಿಗ್ಗೆ ಒಂದು ಮಗುವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಡಿನ ಮರಿಗಳೆರಡೇ ತಗಡಿನ ಚಪ್ಪರದಲ್ಲಿ ಜಿಗಿದಾಡಿದವು. ಮೈಬೂಬಸಾಬ ಸುದ್ದಿ ಕೇಳಿ ಗುಡ್ಡ ಹತ್ತಿ ಬಂದ. ಚಪ್ಪರದಲ್ಲಿ ಕುಳಿತು ಕೇಳಿದ. "ಎಲ್ಲಾ ಗೊತ್ತಿದ್ದೂ ಹಂಗ ಯಾಕ ಅಂದ್ರಿ ಬಹೇನ್?"

"ನಾ ಸುಳ್ಳ ಹೇಳಿದ್ರ ನಿಮ್ಮ ಉಬ್ಬರ ನಿಲ್ಲತೈತೇನ್ರಿ ಸಾಬರ? ಭೂಮಿ ತಿರುಗೋದ ಬಿಡತೈತಿ? ಅದಕ್ಕೇನೂ ಆಗಂಗಿಲ್ಲ. ಸಾವಂತ್ರೆವ್ವಗ ಮನಿ ಉಳೀತು."

ಮೈಬೂಬಸಾಬ ತಲೆಯಾಡಿಸಿದ. ಹೋಗುವಾಗ ಹಳೆಯ ರೂಢಿಯಂತೆ ಮಕ್ಕಳಿಗೆಂದು ತಂದಿದ್ದ ಶೇಂಗಾದ ಪೊಟ್ಟಣವನ್ನು ಏನು ಮಾಡಬೇಕೆಂದು ತಿಳಿಯದೆ ತಗಡಿನ ಮೇಲಿಟ್ಟು ಹೋದ.

ಫಕೀರವ್ವ ಸಾಂಕೋಲೆಯ ಕಡೆ ಫ್ಯಾಕ್ಟರಿ ಕಟ್ಟುವಲ್ಲಿ ಖಡಿಕಲ್ಲು ಒಡೆಯುವ ಕೆಲಸ ಹಿಡಿದಳು. ಕೂತು ಮಾಡುವ ಕೆಲಸ, ಮೊಣಕಾಲಿಗೆ ತ್ರಾಸವಿಲ್ಲ. ಬೆಳಿಗ್ಗೆ ಹೋದರೆ ಸಂಜೆ ಬರುವುದು. ಹಾದಿಯಲ್ಲಿ ಮಕ್ಕಳು ಕಂಡರೆ ಹಾದಿ ಬಿಟ್ಟು ನಿಲ್ಲುತ್ತಿದ್ದವು. ಸಾವಂತ್ರೆವ್ವ ಅವಳ ಜೊತೆ ಮಾತಾಡುವ ಹಾಗಿರಲಿಲ್ಲ, ಕಾಶಮ್ಮನ ಅಪ್ಪಣೆ. ಆದರೆ ಅಮಾವಾಸ್ಯೆಗೊಮ್ಮೆ ಗೇರುಗಿಡದ ಬುಡದಲ್ಲಿ ಎಲೆಯಲ್ಲಿ ಸುತ್ತಿದ ಒಂದು ಹಿಡಿ ಜೋಳದ ಹಿಟ್ಟು ಇರುತ್ತಿತ್ತು. ಫಕೀರವ್ವ ಅದರ ರೊಟ್ಟಿ ಮಾಡಿ ತಿನ್ನುತ್ತಿದ್ದಳು.

ಮರುವರ್ಷ ಬೇಸಿಗೆಗೆ ಸಾವಂತ್ರೆವ್ವನಿಗೆ ಮತ್ತೆ ಆರು ತಿಂಗಳು. ಈ ಸಲ ಕಾಶಮ್ಮ ಅವಳನ್ನು ಬುಟ್ಟಿ ಹೊರಲು ಕಳಿಸಲಿಲ್ಲ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಕಳಿಸಲಿಲ್ಲ ಅಷ್ಟೇ. ಗೇರುಹಣ್ಣಿನ ಕಾಲ, ಗಿಡದ ಸುತ್ತೆಲ್ಲ ಕೊಳೆತ ಹಣ್ಣಿನ ಹುಳಿವಾಸನೆ. ಒಂದು ಭಾನುವಾರ ಮಧ್ಯಾಹ್ನ ಫಕೀರವ್ವ ಜೋಪಡಿಯೊಳಗೆ ಮಲಗಿದ್ದಾಗ ಹೊರಗೆ ಪಿಸುಮಾತು ಕೇಳಿಸಿತು. ತಗಡಿನ ಸಂದಿಯಿಂದ ನೋಡಿದಳು. ತನ್ನ ಮನೆಯ ಸೆಕೆ ತಾಳದೆ ಸಾವಂತ್ರೆವ್ವ ಗಿಡದ ಬುಡಕ್ಕೆ ಬಂದು ಕುಳಿತಿದ್ದಳು. ಗೌರವ್ವ ಅವಳ ಕೈ ಹಿಡಿದು ಎಳೆಯುತ್ತಿದ್ದಳು.

"ಏಳವಾ ಅವ್ವಾ, ಇಲ್ಲಿ ಬ್ಯಾಡ. ಹೊಟ್ಟಿ ಮ್ಯಾಲೆ ಬೀಳಾಕತ್ತಾವ ನೋಡು. ಏಳು, ಏಳು."

ಬಿದ್ದಿದ್ದವು ದಿನದಂಥ ಬಿಸಿಲಿನ ಬಿಲ್ಲೆಗಳು, ದುಂಡಗೆ, ಎಂದಿನ ಹಾಗೆ. ಗ್ರಹಣವಿಲ್ಲ, ಏನಿಲ್ಲ. ಮಗು ಅವನ್ನು ಕೈಯಿಂದ ಒರೆಸಲು ನೋಡುತ್ತಿತ್ತು. ಒರೆಸಿದಷ್ಟೂ ಅವು ಕೈಯ ಮೇಲೆ ಹತ್ತುತ್ತಿದ್ದವು. ಆಗ ಅವಳು ಲಂಗದ ಅಂಚಿನಿಂದ ತಾಯಿಯ ಹೊಟ್ಟೆ ಮುಚ್ಚಿದಳು, ಲಂಗದ ಮೇಲೂ ಬಿದ್ದವು. ಸಾವಂತ್ರೆವ್ವ ಸೋತು ಎದ್ದು, ಉರಿಬಿಸಿಲಲ್ಲಿ ಬಂಡೆಯ ಮೇಲೆ ಹೋಗಿ ಕುಳಿತಳು.

ಫಕೀರವ್ವ ಹೊರಗೆ ಬಂದಳು. ಹೇಳಬೇಕಾದ ಮಾತು ನಾಲಗೆಯ ತುದಿಗಿತ್ತು. ತೆಂಗಿನಕಾಯಿ, ಒಣಗಿದ ಲಿಂಬೆಹಣ್ಣು, ತಾಟು, ಎಲ್ಲ ಒಳಗೆ ನಾಗೊಂದಿಗೆಯ ಹಲಗೆಯ ಮೇಲೆ ಇನ್ನೂ ಇದ್ದವು. ಆದರೆ ಎದುರಿನ ಮನೆಯ ಬಾಗಿಲು ತೆರೆದಿತ್ತು, ಕಾಶಮ್ಮನ ಕೆಮ್ಮು ಕೇಳುತ್ತಿತ್ತು. ನಾ ಹೇಳಿದ್ದೆಲ್ಲಾ ಸುಳ್ಳು ಎಂದ ಬಾಯಿ ಈಗ ಏನು ಹೇಳಿದರೂ, ಹುಡುಗಿ ಯಾವುದನ್ನು ನಂಬಬೇಕು? ನಂಬಿ ಆಯಿಯ ಮುಂದೆ ಅದನ್ನೇ ಹೇಳಿದರೆ?

ಅವಳು ಒಳಗೆ ಹೋಗಿ ಗೋಣಿಚೀಲ ನಾಲ್ಕು ತಂದಳು, ದಬ್ಬಣ ತಂದಳು. ಕುಳಿತು ನಾಲ್ಕನ್ನೂ ಸೇರಿಸಿ ಹೊಲಿದಳು. ಮೊಣಕಾಲು ಬೈಯುತ್ತಿದ್ದರೂ ಕಲ್ಲಿನ ಮೇಲೆ ಹತ್ತಿ, ಗಿಡದ ಕೆಳಗಿನ ಕೊಂಬೆಗಳಿಗೆ ಅಡ್ಡಡ್ಡ ಕಟ್ಟಿದಳು. ನೆಲದ ಮೇಲೆ ಒಂದೇ ನೆರಳು ಬಿತ್ತು, ಬಿಲ್ಲೆಯಿಲ್ಲದ ಹಾಸುಗಲ್ಲಿನಂಥ ನೆರಳು.

"ಈಗ ಕುಂದ್ರವಾ" ಅಂದಳು, ಯಾರ ಮುಖವನ್ನೂ ನೋಡದೆ.

ಸಾವಂತ್ರೆವ್ವ ಬಂದು ಕುಳಿತಳು. ಫಕೀರವ್ವನನ್ನು ನೋಡಿದಳು, ಕಣ್ಣು ತುಂಬಿ ಬಂದವು, ಸೆರಗಿನಿಂದ ಒತ್ತಿಕೊಂಡಳು.

ಗೌರವ್ವ ಕೂಡಲಿಲ್ಲ. ತಾಯಿಯ ಸುತ್ತ ಸುತ್ತಿದಳು, ನೆಲ ನೋಡಿದಳು, ಬಗ್ಗಿ ಸೀರೆಯ ನೆರಿಗೆ ಸರಿಸಿ ನೋಡಿದಳು. ಗುಡ್ಡದ ಮೇಲೆ ಅಷ್ಟು ಸೂಕ್ಷ್ಮವಾಗಿ ನೋಡುವ ಮಗು ಇನ್ನೊಂದಿರಲಿಲ್ಲ. ಆಮೇಲೆ ಗೋಣಿಯ ಮೂಲೆಯ ಕಡೆ ಬೆರಳು ತೋರಿಸಿದಳು.

"ಇಲ್ಲೊಂದ ತೂತ ಐತಿ, ಅಜ್ಜಿ."

ಅಕ್ಕೋರ ಅನ್ನದೆ ಅವಳು ಅಜ್ಜಿ ಅಂದದ್ದು ಅದೇ ಮೊದಲ ಸಲ. ಫಕೀರವ್ವ ದಬ್ಬಣಕ್ಕೆ ದಾರ ಪೋಣಿಸಿ, ತನ್ನ ಹಳೆಯ ಸೀರೆಯ ತುಂಡೊಂದನ್ನು ಹರಿದು ಆ ತೂತಿಗೆ ತೇಪೆ ಹಚ್ಚಿದಳು.

"ಮತ್ತೊಂದ ಐತೇನು ನೋಡು" ಅಂದಳು.

ಗೌರವ್ವ ನೋಡತೊಡಗಿದಳು.